ಕೂತುಕೊಳ್ಳುವ ಕೆಲಸ

ಹತ್ತೊಂಬತ್ತು ವರ್ಷ, ಕೌನಸ್ಸಿನ ಕಲಾಶಾಲೆಯಲ್ಲಿ
ನನ್ನದು ಕೂತುಕೊಳ್ಳುವ ಕೆಲಸ.
ಗಂಟೆಗೆ ಇಷ್ಟು ಯೂರೋ, ಕಾಲಬಳಿ ಒಂದು ಹೀಟರು.
ನೊಣ ಕೂತರೂ ಮೂಗು ಅಲುಗಿಸಿದವಳಲ್ಲ.

ಹೋದ ಚಳಿಗಾಲ ವಾಂತಿಗೆಂದು ಗುಳಿಗೆ ಕೊಟ್ಟರು.
ವಾಂತಿ ನಿಂತಿತು.
ನಾನು ನಿಲ್ಲಲಿಲ್ಲ.

ಡಾಕ್ಟರು 'ಗಾಬರಿ' ಎಂದು ಬರೆದುಕೊಂಡರು.
ಮೊಣಕಾಲ ಚಿಪ್ಪಿನೊಳಗೆ ಯಾರೋ
ರೈಲು ತಪ್ಪೀತೆಂದು ಚಡಪಡಿಸುತ್ತಾರೆ;
ಎದ್ದರೆ ಕೂರು ಅನ್ನುತ್ತಾರೆ, ಕೂತರೆ ಏಳು.
ಗುಳಿಗೆ ಬಿಟ್ಟೇ ಆಯಿತು, ತಿಂಗಳು ಏಳು.
ಲೆಕ್ಕಕ್ಕೂ ಅದೇ ಮಾತು.

ರಾತ್ರಿ ಒಲೆಯಿಂದ ಕಿಟಕಿಗೆ ಒಂಬತ್ತು ಹೆಜ್ಜೆ.
ಆಚೆ ನೇಮುನಸ್, ದಡದುದ್ದ ಹೆಪ್ಪುಗಟ್ಟಿ ಮಲಗಿದೆ.
ನದಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವರುಂಟೆ?
ನಾನಿದ್ದೇನೆ.

ಮಂಗಳವಾರ ಮತ್ತೆ ಹೋದೆ. ಕುರ್ಚಿ ಕಿರುಗುಟ್ಟಿತು.
ಹುಡುಗರು ಅಳಿಸಿದರು, ಬರೆದರು, ಅಳಿಸಿದರು.
ಹಿಂದಿನ ಸಾಲಿನ ಯೊರೆ ಹಾಳೆ ತಂದು ತೋರಿಸಿದಳು:
ಮುಖ, ಭುಜ, ಇಳಿದ ಮೊಲೆ, ಎಲ್ಲ ನಾನೇ;
ಮೊಣಕಾಲ ಕೆಳಗೆ ಬರೀ ಇದ್ದಿಲ ಹೊಗೆ.
"ಕ್ಷಮಿಸಿ, ಕಾಲು ಸಿಗಲಿಲ್ಲ," ಅಂದಳು.

ನನಗೂ ಸಿಕ್ಕಿಲ್ಲ ಮಗೂ, ಅಂದೆ.
ಅಷ್ಟು ಅನ್ನುವುದರೊಳಗೆ
ಬಾಗಿಲ ತನಕ ಹೋಗಿ ಬಂದಿದ್ದೆ.