ಫ್ರಿಜ್ಜಿನ ಬಣ್ಣ

ಶಿಡ್ಲಘಟ್ಟದಿಂದ ಹತ್ತೂವರೆ ಬಸ್ಸಿಗೆ ಮೂವರೂ ಹೊರಟೆವು
ಚಿಂತಾಮಣಿಗೆ. ಚೀಟಿ ಎತ್ತಿದ ದುಡ್ಡು
ನನ್ನ ರವಿಕೆಯೊಳಗಿನ ಪರ್ಸಿನಲ್ಲಿ ಬೆವರುತ್ತಿತ್ತು.

ಅತ್ತೆಗೆ ಕೆಂಪು ಬೇಕು, ಬಾಗಿಲ ತುಂಬ ಹೂವಿರುವುದು.
“ಮನೆಗೆ ಬರೋ ಮೊದಲ್ನೇ ದೊಡ್ಡ ಸಾಮಾನು,
ಬೋಳಾಗಿ ಬರಬಾರದು ಕಣೇ.”
ನಾರೆಪ್ಪನಿಗೆ ಕಪ್ಪು ಗಾಜಿನದು.
ಅದರೆದುರು ನಿಂತು ಒಮ್ಮೆ ಮೀಸೆ ನೋಡಿಕೊಂಡ,
ಎರಡನೇ ಸಲ ಬೆಲೆ ನೋಡಿದ,
ಆಮೇಲೆ ಆ ಕಡೆ ತಿರುಗಲಿಲ್ಲ.

ನಾನು ಬಣ್ಣ ನೋಡುವುದೇ ಬೇರೆ ಥರ.
ಹದಿನೇಳು ವರ್ಷ, ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ
ಬೇಸಿನ್ನಿನ ಕುದಿನೀರಿಗೆ ಕೈ ಅದ್ದಿ ಎಳೆ ಹುಡುಕಿದವಳು.
ಹಳದಿಯೊಳಗೆ ನನಗೆ ಎಷ್ಟೋ ಹಳದಿ:
ಬಿಸಿಲು ಕಂಡ ಗೂಡಿನದು, ಮಳೆ ತಾಗಿದ ಗೂಡಿನದು,
ಹುಳ ಒಳಗೇ ಕೊಳೆತು ಕಲೆ ಹೊರಬಿದ್ದ ಗೂಡಿನದು,
ಕೊನೆಗೆ ರಾಟೆಯ ಮೇಲೆ ಎಲ್ಲವೂ ಒಂದಾಗಿ
ಬೆಳಕಿಗೆ ಹಿಡಿದ ತುಪ್ಪದಂಥದು.
ಅಂಥ ಬಣ್ಣ ಇದೆಯೇನಪ್ಪ, ಎಂದೆ.
ಅಂಗಡಿ ಹುಡುಗ ಇಂತಿಯಾಜ್ ಕ್ಯಾಟಲಾಗು ತಿರುವಿದ.
“ಹಳದಿ ಬರಲ್ಲಕ್ಕ. ಹಳೇದಾದ್ರೆ
ಬಿಳೀದೇ ಹಳದಿ ಆಗುತ್ತೆ” ಎಂದು ತಾನೇ ನಕ್ಕ.

ಆಮೇಲೆ ಬೂದಿಬಣ್ಣದ ಎರಡನ್ನು ಅಕ್ಕಪಕ್ಕ ತೋರಿಸಿದ.
ನನ್ನ ಕಣ್ಣಿಗೂ ಎರಡೂ ಒಂದೇ.
“ಇದು ಬರೀ ಸ್ಟೀಲು, ಮುಟ್ಟಿದ್ದೆಲ್ಲ ಕಾಣುತ್ತೆ.
ಇದು ಬೆರಳಚ್ಚು ಕೂರದ ಸ್ಟೀಲು. ಎರಡೂವರೆ ಸಾವಿರ ಜಾಸ್ತಿ,
ದಿನಾ ಒರೆಸೋ ಗೋಳಿಲ್ಲ. ಬೇಕಾದ್ರೆ ಒತ್ತಿ ನೋಡಿ.”

ಒತ್ತಿದೆ.
ಕೂರದ ಸ್ಟೀಲಿನ ಮೇಲೆ ಏನೂ ಕೂರಲಿಲ್ಲ.
ಕೂರುವ ಸ್ಟೀಲಿನ ಮೇಲೂ
ಒಂದು ಒದ್ದೆ ಬೊಟ್ಟು ಅಷ್ಟೇ, ಗೆರೆಯಿಲ್ಲದ್ದು,
ನೋಡುತ್ತಿದ್ದಂತೆ ಆರಿಹೋಯಿತು.
ಇನ್ನೊಂದು ಸಲ ಅಂದ. ಇನ್ನೊಂದು ಬೆರಳು ಅಂದ.

ಈ ಮಾತು ನನಗೆ ಹೊಸದಲ್ಲ.
ರೇಷನ್ ಅಂಗಡಿಯ ಪುಟ್ಟ ಮೆಷಿನ್ನೂ ತಿಂಗಳಿಗೊಮ್ಮೆ ಹೀಗೇ:
ಹೆಬ್ಬೆಟ್ಟು, ತೋರುಬೆರಳು,
ಸೆರಗಿಗೆ ಒರೆಸಿ ಮತ್ತೆ ಹೆಬ್ಬೆಟ್ಟು;
ಹಿಂದೆ ನಿಂತವರು ಚೀಲ ಕೊಡವುತ್ತಾರೆ.
ಅಲ್ಲಿ ನಾನು ನಾನಲ್ಲ.
ನಾರೆಪ್ಪ ಬಂದು ಒತ್ತಿದರೆ ಅಕ್ಕಿ ಬೀಳುತ್ತದೆ.

ಇಲ್ಲಿ ಮಾತ್ರ ನಗು ಬಂತು.
“ಎರಡೂವರೆ ಸಾವಿರ ಉಳೀತು ಬಿಡಪ್ಪ,
ಆ ಕೆಲಸ ಬೇಸಿನ್ನು ನೀರೇ ಮಾಡಿಟ್ಟಿದೆ.”
ನಗಬೇಕೋ ಬೇಡವೋ ತಿಳಿಯದೆ ಅವನು ಬಿಲ್ಲಿನ ಪುಸ್ತಕ ತಂದ.
ಅತ್ತೆ ಹೂವಿನ ಸ್ಟಿಕ್ಕರು ಪುಕ್ಕಟೆ ಕೇಳಿದಳು. ಕೊಟ್ಟ.

ಎರಡು ತಿಂಗಳಾಯಿತು.
ಹಿಡಿಯ ಹತ್ತಿರ ನಾರೆಪ್ಪನ ಗ್ರೀಸು ಕೈ,
ಸ್ಟಿಕ್ಕರಿನ ಪಕ್ಕ ಅತ್ತೆಯ ಅರಿಶಿನದ ಹೆಬ್ಬೆಟ್ಟು,
ತೀರ ಕೆಳಗೆ, ಐಸು ಬೇಕೆಂದು ಬಡಿದ ಮಗಳ ಐದೂ ಬೆರಳು,
ಸುರುಳಿ ಸುರುಳಿ,
ಈಗಷ್ಟೇ ಎಳೆ ಸಿಕ್ಕ ಗೂಡಿನ ಹಾಗೆ.

ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುವವಳು ನಾನು.
ಸಂಜೆ ಒದ್ದೆ ಬಟ್ಟೆ ಹಿಡಿದು ಒರೆಸುತ್ತೇನೆ,
ಮೇಲಿನಿಂದ ನನ್ನ ಸೊಂಟದವರೆಗೆ.
ಕೆಳಗಿನದು ಇರಲಿ.

ಮೊನ್ನೆ ರಾಗಿಹಿಟ್ಟಿನ ಕೈಯಲ್ಲೇ ತೆಗೆದುಬಿಟ್ಟೆ.
ಅಂಗೈ ಪೂರ್ತಿ ಕೂತಿತು, ಗೆರೆ ಬಿಟ್ಟು ಮಿಕ್ಕಿದ್ದೆಲ್ಲ.
“ಯಾರ ಕೈಯೇ ಇದು?” ಅತ್ತೆ ಗದರಿದಳು.
ಮೊಸರಿನ ಪಾತ್ರೆ ಒಳಗಿಟ್ಟು, ಬಾಗಿಲು ಮುಚ್ಚಿ,
ಇನ್ನೊಂದು ಸಲ ಒತ್ತಿದೆ.