ಕೋಣೆಯ ಸದ್ದು

ಮೂವತ್ತೊಂದು ಜನಕ್ಕೆ ಒಂದೇ ಕ್ಯಾಮೆರಾ.
ಪಟ್ಟಿ ಕೊರಳಿಗೆ ಹಾಕಿಕೊಳ್ಳುವ ತನಕ
ಲಿಗೋರಿ ಸರ್ ಅದನ್ನು ಕೈಗೆ ಕೊಡುವುದಿಲ್ಲ.
"ಮೊದಲು ಕೊರಳು, ಆಮೇಲೆ ಕೈ, ಆಮೇಲೆ ಕಣ್ಣು.
ತಲೆ ಎಲ್ಲಕ್ಕಿಂತ ಕೊನೆಗೆ."
ಇಪ್ಪತ್ತು ವರ್ಷ ಸಾಗರ, ಸೊರಬ, ಶಿಕಾರಿಪುರದ ಛತ್ರಗಳಲ್ಲಿ
ಧಾರೆಯ ನೀರನ್ನು ಬೀಳುವಾಗಲೇ ಹಿಡಿದವರು,
ಈಗ ವಾರಕ್ಕೆರಡು ದಿನ ಶಿವಮೊಗ್ಗಕ್ಕೆ ಬಂದು
ನಮ್ಮನ್ನು ಹಿಡಿಯುತ್ತಾರೆ.

ಮೊದಲ ಪಾಠ ಉಸಿರಿನದು.
ಮೊಣಕೈ ಪಕ್ಕೆಗೊತ್ತಿ, ಅರ್ಧ ಉಸಿರು ಬಿಟ್ಟು
ಉಳಿದರ್ಧ ಒಳಗಿರುವಾಗಲೇ ಗುಂಡಿ ಒತ್ತಬೇಕು.
ತೀರ್ಥೇಶ ಪೂರ್ತಿ ಬಿಟ್ಟುಬಿಟ್ಟ.
ಕಾಲೇಜಿನ ಧ್ವಜದ ಕಂಬ ಅವನ ಚಿತ್ರದಲ್ಲಿ
ಇನ್ನೂ ನಡುಗುತ್ತಿದೆ.

ಆಮೇಲೆ ಬೆಳಕು.
ಕ್ಯಾಮೆರಾಕ್ಕೊಂದು ಹಟ: ಜಗತ್ತೆಲ್ಲ ಬೂದಿ ಬಣ್ಣ ಇರಬೇಕು.
ಸುಣ್ಣದ ಗೋಡೆ ತೋರಿಸಿದರೂ ಬೂದಿ,
ಶಂಶಾದಳ ಕರಿ ಕೊಡೆ ತೋರಿಸಿದರೂ ಬೂದಿ.
"ಅದರ ಮಾತು ಕೇಳಬೇಡಿ.
ಕಪ್ಪು ಕಪ್ಪಾಗಿಯೇ ಬರಬೇಕಾದರೆ
ಬೆಳಕು ಎರಡು ಹಲ್ಲು ಇಳಿಸಿ."
ನಾನು ನನ್ನ ಕೈಯನ್ನೇ ಒಡ್ಡಿ ತೆಗೆದೆ. ನನ್ನ ಕೈಯೇ ಬಂತು.
ಗಂಡಿನ ಕಡೆಯವರಿಗೆ ಕಳಿಸಿದ್ದ ಅಕ್ಕನ ಫೋಟೋ ನೆನಪಾಯಿತು,
ಸುಣ್ಣಕ್ಕಿಂತ ಬೆಳ್ಳಗಿದ್ದದ್ದು.
ಸಾಗರದ ಯಾವುದೋ ಸ್ಟುಡಿಯೋ.
ಸರ್ ಅವರನ್ನು ಕೇಳಬೇಕೆಂದಿದ್ದೆ,
ಕೇಳಲಿಲ್ಲ.

ವಿಡಿಯೋ ಶುರುವಾದ ದಿನ ಹೊಸ ಮೈಕು ತಂದರು.
"ಮೂವತ್ತು ಸೆಕೆಂಡು ಯಾರೂ ಪಿಟ್ಟೆನ್ನಬಾರದು.
ಈ ಕೋಣೆಯ ಸದ್ದು ಬೇಕು ನನಗೆ."
ಸದ್ದೇ ಇಲ್ಲದ್ದನ್ನು ಹಿಡಿದು ಎಂತ ಮಾಡೋದು ಸಾರ್?
"ಒಂದು ಕೋಣೆಯ ಮೌನ ಇನ್ನೊಂದಕ್ಕೆ ಆಗುವುದಿಲ್ಲ ಮಾರಾಯ್ತಿ."

ಕೂತೆವು.
ಫ್ಯಾನಿನ ಒಂದು ರೆಕ್ಕೆ ಎಲ್ಲೋ ತಾಗುತ್ತಿತ್ತು,
ಮೂರು ವರ್ಷದಿಂದ ತಾಗುತ್ತಲೇ ಇತ್ತಂತೆ.
ದೂರದಲ್ಲಿ ಹೊಳೆಯ ಸೇತುವೆ ಮೇಲೆ ರೈಲು.
ಯಾರದೋ ಬಳೆ ಡೆಸ್ಕಿಗೆ, ಒಂದೇ ಸಲ.
ಇಪ್ಪತ್ತೆರಡನೆಯ ಸೆಕೆಂಡಿಗೆ
ಮೈಲಾರಿಯ ಹೊಟ್ಟೆ ಗುರ್ರೆಂದಿತು.
ರಿಪ್ಪನ್‌ಪೇಟೆಯಿಂದ ಮೊದಲ ಬಸ್ಸಿಗೆ ಬರುವವನು,
ತಿಂಡಿ ಆಗುವ ಮೊದಲೇ ಮನೆ ಬಿಡುವವನು.
ನಾವು ದುಪಟ್ಟಾ ಕಚ್ಚಿದೆವು, ಬೆಂಚು ನಡುಗಿತು,
ಸದ್ದು ಮಾತ್ರ ಯಾರೂ ಮಾಡಲಿಲ್ಲ.
ಸರ್ ಕೈ ಎತ್ತಿಕೊಂಡೇ ಇದ್ದರು, ನಿಲ್ಲಿಸಲಿಲ್ಲ.

ಗಂಟೆ ಹೊಡೆಯುವ ದ್ಯಾವಮ್ಮನನ್ನು
ಅದೇ ಕೋಣೆಯ ಕಿಟಕಿ ಪಕ್ಕ ಕೂರಿಸಿ
ಪ್ರಶ್ನೆ ಕೇಳಿದ್ದು ನಾನು.
ಎಷ್ಟು ವರ್ಷ ಆಯ್ತು? "ಹತ್ತೊಂಬತ್ತು."
ಮೊದಲ ದಿನ ನೆನಪಿದೆಯಾ?
ಅವಳು ಹೊರಗೆ ನೋಡಿದಳು.
ಹಾಳಾದ ಆಟೋ ಒಂದು ಆಗಲೇ ಹಾರ್ನ್ ಹೊಡೆಯಬೇಕೇ!
ಹನ್ನೊಂದು ಸೆಕೆಂಡು ಕಳೆದ ಮೇಲೆ
"ತಡ ಮಾಡಿ ಹೊಡೆದೆ" ಅಂದಳು, ಅಷ್ಟೇ.

ಎಡಿಟಿಂಗಿಗೆ ಕೂತಾಗ ಹಾರ್ನ್ ಕಿತ್ತೆವು,
ಕಿತ್ತ ಜಾಗದಲ್ಲಿ ಗುಂಡಿ ಬಿತ್ತು.
ಕಿವಿಗೆ ನೀರು ಹೊಕ್ಕ ಹಾಗೆ ಸತ್ತ ಸದ್ದು.
ಪೂರಾ ಕತ್ತರಿಸು, ಇಷ್ಟು ಹೊತ್ತು ಯಾರು ಕಾಯ್ತಾರೆ, ಅಂದಳು ಶಂಶಾದ್.
"ಅವಳು ಹತ್ತೊಂಬತ್ತು ವರ್ಷ ಕಾದಿದ್ದಾಳೆ," ಅಂದರು ಸರ್,
"ಆ ಮೂವತ್ತು ಸೆಕೆಂಡು ತೆಗೆ."

ಫ್ಯಾನು, ರೈಲು, ಬಳೆ
ದ್ಯಾವಮ್ಮನ ನೋಟದ ಕೆಳಗೆ ಹಾಸಿದೆವು.
ಮೈಲಾರಿಯ ಹೊಟ್ಟೆಯೂ ಸೇರಿಕೊಂಡಿತ್ತು,
ತೆಗೆಯುವುದು ನಮಗಿನ್ನೂ ಗೊತ್ತಿರಲಿಲ್ಲ.

ಶನಿವಾರ ಪರದೆಗೆ ಹಾಕಿದಾಗ
ಬಾಗಿಲ ಬಳಿ ಕೈಯೊರೆಸುತ್ತ ನಿಂತು ನೋಡಿದಳು.
ಹೊಟ್ಟೆ ಗುರ್ರೆಂದ ಜಾಗ ಬಂತು.
ಹಿಂದಿನ ಬೆಂಚು ನಗಲು ತಯಾರಾಗಿತ್ತು.
"ಅಯ್ಯೋ, ಅದನ್ನೂ ಹಿಡಿದೀರಾ" ಅಂದಳು.
"ನಂದೇ ಅದು. ಅವತ್ತು ಏನೂ ಉಂಡಿರಲಿಲ್ಲ ನಾನು."

ಯಾವತ್ತು ಅಂತ ಯಾರೂ ಕೇಳಲಿಲ್ಲ.
ಮೈಲಾರಿ ಎದ್ದು ಹೋಗಿ ಕಿಟಕಿ ತೆರೆದ.
ಇನ್ನೊಂದು ಸಲ ಹಾಕ್ರೋ ಅಂದಳು, ಹಾಕಿದೆವು.
ಮತ್ತೊಂದು ಸಲ.

ಆ ದಿನ ಮಧ್ಯಾಹ್ನದ ಗಂಟೆ
ಏಳು ನಿಮಿಷ ತಡವಾಗಿ ಹೊಡೆಯಿತು.