ಹನ್ನೊಂದು ಹತ್ತಕ್ಕೆ ದೀಪ ಆರಿಸುವುದು

ಜೂನ್ ತಿಂಗಳಲ್ಲಿ ಟಾಲಿನ್ನಿನ ದೆವ್ವಗಳಿಗೆ ಕಷ್ಟ.
ಹತ್ತೂವರೆಯಾದರೂ ಕತ್ತಲೆ ಹುಟ್ಟುವುದಿಲ್ಲ,
ಆಕಾಶ ಹಾಲಿನ ಪಾತ್ರೆ ತೊಳೆದ ನೀರಿನಂತೆ
ಬೆಳ್ಳಗೆ ನಿಂತಿರುತ್ತದೆ ಚರ್ಚಿನ ಮೊನೆಯ ಮೇಲೆ.
ಅದಕ್ಕೇ ತಾವೆತ್ ತನ್ನ ಮಂದಿಯನ್ನು
ಊರ ಗೋಡೆಯ ಬಳಿ ಸುಮ್ಮನೆ ಸುತ್ತಿಸಿ ಸುತ್ತಿಸಿ
ನನ್ನ ಕಿಟಕಿಯ ಕೆಳಗೆ ತರುವ ಹೊತ್ತಿಗೆ
ಹನ್ನೊಂದು ಹತ್ತು.

ಕರಿ ನಿಲುವಂಗಿ, ಎತ್ತರದ ಟೋಪಿ,
ಬ್ಯಾಟರಿಯ ಲಾಂದ್ರ. ಹಗಲು ನಾಟಕಶಾಲೆಯ ಹುಡುಗ.
"ಇಗೋ, ಈ ಮನೆ," ಎನ್ನುತ್ತಾನೆ ದನಿ ತಗ್ಗಿಸಿ,
"ಎರಡನೆಯ ಮಹಡಿ. ರೊಟ್ಟಿಯಂಗಡಿಯವನ ಮದುವಣಗಿತ್ತಿ
ಇನ್ನೂ ಹಿಟ್ಟು ನಾದುತ್ತಾಳೆ..."
ಆಗ ನಾನು ದೀಪ ಆರಿಸಬೇಕು.
ಅಷ್ಟೇ ಕರಾರು. ವಾರಕ್ಕೆ ಒಂದು ಕರಿ ರೊಟ್ಟಿ,
ಎರಡು ಡಬ್ಬಿ ಉಪ್ಪುಮೀನು.

ನಾಲ್ಕು ಬೇಸಿಗೆಯಿಂದ ದೆವ್ವವಾಗಿದ್ದೇನೆ ಹೀಗೆ, ಸೋಮವಾರ ರಜೆ.
ಮೊದಲು ಸನ್ಯಾಸಿನಿಯಾಗಿದ್ದೆ,
ಆಮೇಲೆ ಪ್ಲೇಗಿನ ವಿಧವೆ; ಮದುವಣಗಿತ್ತಿಯಾದರೆ
ಜನ ಹೆಚ್ಚು ಚೀರುತ್ತಾರಂತೆ.
ಒಮ್ಮೆ ಒಂದು ಮಗು ಮೇಲೆ ನೋಡಿ ಕೈಬೀಸಿತು.
ನಾನೂ ಬೀಸಿದೆ. ಬುದ್ಧಿಯಿಲ್ಲ ನನಗೆ.
ಇಪ್ಪತ್ತು ಜನ ಒಂದೇ ಉಸಿರಿಗೆ ಕೂಗಿಕೊಂಡರು,
ಮರುದಿನ ತಾವೆತ್ ಕೇಕು ತಂದ.

ಅವನಿಗೆ ಹೇಳಿದೆ ಅವತ್ತು, ಕಾಫಿ ಬಗ್ಗಿಸುತ್ತ:
ಈ ಮನೆಗೆ ಮದುವಣಗಿತ್ತಿ ಯಾಕೋ ಮಗನೇ,
ಮೇಲಿನ ಮಹಡಿಯಲ್ಲಿ ಐಮೆ ಇದ್ದಳಲ್ಲ.

ನನಗೂ ಅವಳಿಗೂ ಆರು ವರ್ಷ, ನಲವತ್ತೊಂದನೆಯ ಇಸವಿ.
ಜೂನ್. ಇಂಥದೇ ಕತ್ತಲಾಗದ ರಾತ್ರಿ.
ಲಾರಿ ಬಂದಾಗ ದೀಪವೇ ಬೇಕಿರಲಿಲ್ಲ ಯಾರಿಗೂ,
ಪಟ್ಟಿಯನ್ನು ಬೀದಿಯಲ್ಲಿ ನಿಂತೇ ಓದಿಕೊಂಡರು.
ಮೆಟ್ಟಿಲ ಮೇಲೆ ಬೂಟು. ಬಹಳ ಹೊತ್ತಿನ ಮೇಲೆ
ಮೆಲ್ಲನೆ, ಬೂಟಿಲ್ಲದ ಕಾಲುಗಳು.
ಐಮೆಯ ಅಮ್ಮ ಹೊಲಿಗೆ ಯಂತ್ರದ ತಲೆಯನ್ನು
ಕೂಸಿನಂತೆ ಶಾಲಿನಲ್ಲಿ ಸುತ್ತಿ ಎತ್ತಿಕೊಂಡಿದ್ದಳು.
ಐಮೆ ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು.
ಬೀಗದ ಕಿಂಡಿಯಲ್ಲಿ ನನಗೆ ಕಂಡದ್ದು
ಅವಳ ಕೋಟಿನ ಒಂದು ಗುಂಡಿ. ಚಳಿಗಾಲದ ಕೋಟು.
ಅಪ್ಪ ನನ್ನ ಬಾಯಿ ಮುಚ್ಚಿದ್ದ.

ಬೆಳಿಗ್ಗೆ ಅಮ್ಮ ಮೇಲೆ ಹೋದಳು.
ಒಲೆಯ ಮೇಲೆ ಹುಳಿದಂಟಿನ ಜಾಮ್, ದೊಡ್ಡ ಪಾತ್ರೆ,
ಬೆಂಕಿ ತಾನೇ ಆರಿತ್ತು, ಪಾತ್ರೆ ಇನ್ನೂ ಬೆಚ್ಚಗಿತ್ತು.
ಹಾಳಾಗುತ್ತದಲ್ಲ, ಎಂದಳು.
ಅವರ ಬಗ್ಗೆ ಅಷ್ಟೇ ಎಂದಳು, ಆ ವರ್ಷವೆಲ್ಲ.
ಕ್ರಿಸ್‌ಮಸ್‌ವರೆಗೂ ತಿಂದೆವು.
ಸಿಹಿಯಾಗಿತ್ತು, ತಾವೆತ್. ನಾನು ಹೇಳಬೇಕಿರುವುದು ಅದನ್ನೇ.
ಬೆರಳು ನೆಕ್ಕಿದ್ದೇನೆ.

ಅವನು ಕಾಫಿ ಮುಗಿಸಲಿಲ್ಲ.
ಆ ರಾತ್ರಿ ಕೆಳಗೆ ನಿಂತು, ಟೋಪಿ ತೆಗೆದು,
ಹೇಳಲು ನೋಡಿದ. ದನಿ ತಗ್ಗಿಸಲಿಲ್ಲ.
ಯಾರೂ ಚೀರಲಿಲ್ಲ. ಯಾರೋ ಕೆಮ್ಮಿದರು,
ಒಬ್ಬಾಕೆ ಮಗುವಿನ ಕಿವಿ ಮುಚ್ಚಿದಳು,
ರೀಗಾದಿಂದ ಬಂದಿದ್ದ ಮುದುಕನೊಬ್ಬ
ಗೋಡೆಯ ಕಡೆ ತಿರುಗಿ ನಿಂತ.
ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದೆ;
ಯಾವ ಮಾತಿಗೆ ದೀಪ ಆರಿಸಬೇಕೋ ತಿಳಿಯಲಿಲ್ಲ.

ಅದರ ಮಾರನೆಯ ರಾತ್ರಿ ಮತ್ತೆ ಮದುವಣಗಿತ್ತಿ.
"ಕ್ಷಮಿಸಿ, ಲೇಯ್ದಾ ಅಜ್ಜಿ," ಎಂದ.
ಕ್ಷಮಿಸುವುದೇನು ಬಂತು, ಹೊಟ್ಟೆಪಾಡು.
ನಮ್ಮದೂ ಅದೇ ಆಗಿತ್ತು.

ಮೇಲಿನ ಮಹಡಿ ಈಗ ದಿನದ ಬಾಡಿಗೆಗೆ.
ದೆವ್ವದ ನಡಿಗೆ ಮುಗಿಸಿ ಅವರೂ ಹಿಂದಿರುಗುತ್ತಾರೆ,
ನಗುತ್ತ, ಮೆಟ್ಟಿಲಲ್ಲಿ ಒಬ್ಬರನ್ನೊಬ್ಬರು ಹೆದರಿಸುತ್ತ,
ನನ್ನ ಬಾಗಿಲ ಮುಂದೆ ಒಂದು ಗಳಿಗೆ ನಿಂತು
ಶ್, ಅನ್ನುತ್ತಾರೆ, ಪಾಪ, ಯಾರೋ ಮಲಗಿರಬಹುದು.
ನಾನು ಕಿಂಡಿಗೆ ಕಣ್ಣಿಡುವುದಿಲ್ಲ.
ಆಮೇಲೆ ಚಾವಣಿಯ ಮೇಲೆ ಕಾಲುಸಪ್ಪಳ, ನೀರು,
ಮಂಚದ ಕಿರ್ರು. ಸ್ವಲ್ಪ ಹೊತ್ತಿಗೇ ಗೊರಕೆ.
ಒಳ್ಳೆಯ ನಿದ್ದೆ ಬರುತ್ತದೆ ಅಲ್ಲಿ ಅವರಿಗೆ.
ಬೆಳಿಗ್ಗೆ ಬೀಗದ ಕೈಯನ್ನು ಡಬ್ಬಿಯೊಳಗೆ ಹಾಕಿ ಹೋಗುತ್ತಾರೆ.